ಬ್ರೆಜಿಲ್‌ನ ಹಳೆಯ ಜಕರಂಡಾ ಮೇಜು: ಮೇಲ್ಹಲಗೆಗೆ ಕೈ ಹಾಕುವುದು ಕೊನೆಗೆ

ಹಳೆಯ ಬರೆಯುವ ಮೇಜೊಂದು ಮನೆಗೆ ಬಂದ ಕೂಡಲೇ ಎಲ್ಲರ ಕೈಯೂ ಮೊದಲು ಹೋಗುವುದು ಮೇಲ್ಹಲಗೆಗೆ. ಕಾಫಿ ಲೋಟದ ಉಂಗುರ, ಶಾಯಿಯ ಕಲೆ, ಮಂಕು ಹಿಡಿದ ಪಾಲಿಶು ಕಣ್ಣಿಗೆ ಹೊಡೆಯುವುದು ಅಲ್ಲೇ. ಸ್ಯಾಂಡರ್ ಹಿಡಿದು ಅರ್ಧ ಗಂಟೆ ಉಜ್ಜಿದರೆ ಹೊಸದಾಗಿಬಿಡುತ್ತದೆ ಅನ್ನಿಸುತ್ತದೆ. 1950–60ರ ದಶಕಗಳ ಬ್ರೆಜಿಲಿಯನ್ ಮೇಜುಗಳು ಹಾಳಾಗುವುದು ಬಹುಪಾಲು ಈ ಅರ್ಧ ಗಂಟೆಯಲ್ಲೇ. ಅವುಗಳಲ್ಲಿ ಹೆಚ್ಚಿನವುಗಳ ಮೇಲ್ಹಲಗೆ ಗಟ್ಟಿ ಮರವಲ್ಲ, ಪ್ಲೈವುಡ್ಡಿನ ಮೇಲೆ ಅಂಟಿಸಿದ ವಿನೀರ್, ಅಂದರೆ ಮರದ ತೆಳು ಹಾಳೆ. ದಪ್ಪ 0.6ರಿಂದ 1 ಮಿ.ಮೀ. ಅಷ್ಟೆ. 120 ನಂಬರಿನ ಕಾಗದ ಹಾಕಿದ ಯಂತ್ರ ಅಂಚಿನಲ್ಲಿ ಒಂದು ನಿಮಿಷ ನಿಂತರೆ ಕೆಳಗಿನ ಬಿಳಿ ಪ್ಲೈ ಕಾಣುತ್ತದೆ. ಆಮೇಲೆ ಅದನ್ನು ಮುಚ್ಚುವ ದಾರಿಯೇ ಇಲ್ಲ. ಆ ವಿನೀರಿನ ಮರ ಈಗ ಮಾರುಕಟ್ಟೆಯಲ್ಲಿ ಕಾನೂನುಬದ್ಧವಾಗಿ ಹೊಸದಾಗಿ ಸಿಗುವುದೂ ಇಲ್ಲ.

ಆದ್ದರಿಂದ ಕೆಲಸದ ಅನುಕ್ರಮವನ್ನು ತಿರುಗಿಸಬೇಕು. ಮೊದಲು ಮರ ಮತ್ತು ಕಟ್ಟನ್ನು ಓದುವುದು, ಆಮೇಲೆ ಹುಳ, ಆಮೇಲೆ ಕೀಲು, ಡ್ರಾಯರು. ಮೇಲ್ಹಲಗೆ ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಅದಕ್ಕೆ ಎಷ್ಟು ಕಡಿಮೆ ಸಾಕು ಎನ್ನುವುದು ನಿಮಗೇ ಗೊತ್ತಾಗಿರುತ್ತದೆ.

ಮರ ಯಾವುದು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನ ರಸ್ತೆಗಳಲ್ಲಿ ಬೇಸಿಗೆಗೆ ನೇರಳೆ ಹೂ ಸುರಿಯುವ ಜಕರಂಡವೂ ದಕ್ಷಿಣ ಅಮೆರಿಕದ್ದೇ, ಆದರೆ ಈ ಮೇಜಿನ ಮರ ಅದಲ್ಲ. ಬ್ರೆಜಿಲ್‌ನ ಬಡಗಿ ‘ಜಕರಂಡಾ ದ ಬಹಿಯಾ’ ಅಂದರೆ ಡಾಲ್ಬರ್ಜಿಯಾ ನೈಗ್ರಾ. ಬಹಿಯಾ, ಎಸ್ಪಿರಿತೊ ಸಾಂತೊ, ಮಿನಾಸ್ ಜೆರೈಸ್ ಕಡೆಯ ಅಟ್ಲಾಂಟಿಕ್ ಕಾಡಿನ ಮರ. ನಮ್ಮ ಮಲೆನಾಡಿನ ಬೀಟೆ, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಇದರ ದಾಯಾದಿ. ಬೀಟೆಯ ಮಂಚವನ್ನೋ ಕುರ್ಚಿಯನ್ನೋ ಕೈಯಾಡಿಸಿ ನೋಡಿ ಬೆಳೆದವರಿಗೆ ಜಕರಂಡಾದ ತೂಕ, ತಣ್ಣನೆಯ ಮೈ, ಕಪ್ಪು ಗೆರೆ ಅಪರಿಚಿತ ಅನ್ನಿಸುವುದಿಲ್ಲ. ಒಣಗಿದ ಜಕರಂಡಾ ಒಂದು ಘನ ಮೀಟರಿಗೆ ಸುಮಾರು 835 ಕೆ.ಜಿ. ತೂಗುತ್ತದೆ, ಬೀಟೆಯೂ ಹೆಚ್ಚುಕಡಿಮೆ ಅಷ್ಟೇ.

ಬಣ್ಣ ಚಾಕೊಲೇಟ್ ಕಂದಿನಿಂದ ಕೆಂಗಂದಿನವರೆಗೆ, ನಡುವೆ ಜೇಡನ ಬಲೆಯಂತೆ ಕವಲೊಡೆಯುವ ಕಪ್ಪು ಗೆರೆಗಳು. ಬೀಟೆಯಲ್ಲಿ ನೇರಳೆಯ ಛಾಯೆ ಹೆಚ್ಚು. ಡ್ರಾಯರಿನ ಒಳ ಅಂಚಿನಂಥ ಪಾಲಿಶು ಕಾಣದ ಜಾಗದಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಕೆರೆದರೆ ಗುಲಾಬಿಯನ್ನು ನೆನಪಿಸುವ ಸಿಹಿ ವಾಸನೆ ಬರುತ್ತದೆ. ಜಾಯಿಕಾಯಿಯಂಥ ಮಸಾಲೆ ವಾಸನೆ ಬಂದರೆ ಅದು ಇಂಬುಯಾ. ಇದು ದಕ್ಷಿಣ ಬ್ರೆಜಿಲ್‌ನ ಮರ, ಇನ್ನೂ ಹಗುರ, ಅಕ್ರೋಟದ ಮರದಂತೆ ಕಾಣುತ್ತದೆ. ಹಳದಿ ಮಿಶ್ರಿತ ಕಂದು ಬಣ್ಣ, ಸಣ್ಣ ರಂಧ್ರ, ಗೆರೆ ಸ್ಪಷ್ಟವಾಗಿದ್ದರೆ ಕವಿಉನಾ ಇರಬಹುದು. ಅಂಗಡಿಗಳಲ್ಲಿ ಕವಿಉನಾವನ್ನು ಜಕರಂಡಾ ಎಂದು ಮಾರುವುದು ಮಾಮೂಲು, ಸುಳ್ಳೆಂದು ಗೊತ್ತಿಲ್ಲದೆಯೂ ಮಾರುತ್ತಾರೆ. ಡ್ರಾಯರಿನ ಪಕ್ಕದ ಹಲಗೆಗಳಿಗೆ ಹೆಚ್ಚಾಗಿ ಸೆದ್ರೊ ಎಂಬ ತಿಳಿಗೆಂಪು ಹಗುರ ಮರ ಇರುತ್ತದೆ. ಡ್ರಾಯರು ಎಳೆದಾಗ ಸಿಗಾರ್ ಡಬ್ಬಿಯ ವಾಸನೆ ಬರುವುದು ಅದರಿಂದಲೇ, ಸಿಗಾರ್ ಡಬ್ಬಿ ಮಾಡುವುದೂ ಆ ಜಾತಿಯ ಮರದಿಂದಲೇ.

ಬಿಸಿಲಿಗೆ ಬಿದ್ದ ಜಕರಂಡಾ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಮೇಲ್ಹಲಗೆಯ ಬಣ್ಣ ನೋಡಿ ಮರ ನಿರ್ಧರಿಸಬೇಡಿ. ಡ್ರಾಯರ್ ಪೂರ್ತಿ ಹೊರಗೆಳೆದು, ಚೌಕಟ್ಟಿನ ಒಳಗೆ ಬೆಳಕು ಕಾಣದ ಭಾಗವನ್ನು ಟಾರ್ಚ್ ಹಿಡಿದು ನೋಡಿ.

ಕಟ್ಟು ಯಾವ ಕಾಲದ್ದು

ಈ ಮೇಜುಗಳ ಹಿಂದೆ ಎರಡು ಬಗೆಯ ಕಾರ್ಯಾಗಾರಗಳಿದ್ದವು. ರಿಪೇರಿ ಮಾಡುವವರಿಗೆ ಇದು ಬರೀ ಇತಿಹಾಸವಲ್ಲ, ಒಳಗೆ ಏನು ಸಿಗುತ್ತದೆ ಎಂಬುದರ ಸುಳಿವು. ಪೋರ್ಚುಗಲ್‌ನ ಬಡಗಿಗಳ ಮನೆತನದಲ್ಲಿ 1906ರಲ್ಲಿ ಹುಟ್ಟಿ ರಿಯೊ ಡಿ ಜನೈರೊಗೆ ಬಂದ ಜುವಾಕಿಂ ತೆನ್ರೇಯ್ರೊ ಕೈಕೆಲಸದವರು. 1940ರ ದಶಕದಿಂದ ಅವರ ಕಾರ್ಯಾಗಾರದಲ್ಲಿ ತೆಳ್ಳನೆಯ ಗಟ್ಟಿಮರದ ಕಾಲು, ಕೈಯಲ್ಲಿ ಕಡಿದ ಕೀಲು, ಸರೇಸು ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಇನ್ನೊಂದು ಬಗೆ ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವವರದು. ಸೆರ್ಜಿಯೊ ರೊಡ್ರಿಗೆಸ್ 1955ರಲ್ಲಿ ರಿಯೊದ ಇಪನೆಮಾದಲ್ಲಿ ‘ಓಕಾ’ ಎಂಬ ಪೀಠೋಪಕರಣ ಮಳಿಗೆ ತೆರೆದರು. ಪೋಲೆಂಡಿನಿಂದ ಬಂದ ಜೋರ್ಜೆ ಜಲ್ಶುಪಿನ್ 1959ರಲ್ಲಿ ಸಾವೊ ಪಾಲೊದಲ್ಲಿ ‘ಲತೆಲಿಯೇ’ ಎಂಬ ಪೀಠೋಪಕರಣ ಕಂಪನಿ ಶುರುಮಾಡಿದರು. 1960ರಲ್ಲಿ ಬ್ರಸೀಲಿಯ ರಾಜಧಾನಿಯಾದಾಗ ಸಾಲುಸಾಲು ಸರ್ಕಾರಿ ಕಚೇರಿಗಳಿಗೆ ಮೇಜುಗಳು ಬೇಕಾದವು. ಆ ಕಾಲದ ಕಚೇರಿ ಮೇಜುಗಳಲ್ಲಿ ಪ್ಲೈವುಡ್ ಮೇಲೆ ವಿನೀರ್, ತಿರುಪು ಹಾಕಿ ಬಿಚ್ಚಬಹುದಾದ ಕಾಲು, ಕೆಲವೊಮ್ಮೆ ಲೋಹದ ಚೌಕಟ್ಟು, ನೈಟ್ರೊಸೆಲ್ಯುಲೋಸ್ ಪಾಲಿಶು ಸಾಮಾನ್ಯ. ಜೊಸೆ ಜನೀನೆ ಕಾಲ್ಡಾಸ್ 1940ರ ದಶಕದ ಕೊನೆಯಲ್ಲಿ ಮಾಡಿದಂಥವು ಪೂರ್ತಿ ಪ್ಲೈವುಡ್ಡಿನವು. ಅವುಗಳಲ್ಲಿ ಪ್ಲೈ ಅಂಚು ಕಾಣುವುದೇ ವಿನ್ಯಾಸ, ಅದನ್ನು ಪಟ್ಟಿ ಹಚ್ಚಿ ಮುಚ್ಚಬಾರದು.

ಗಟ್ಟಿ ಮರವೋ ವಿನೀರೋ ತಿಳಿಯಲು ಮೇಲ್ಹಲಗೆಯ ಒಂದು ಕಪ್ಪು ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿ. ಗಟ್ಟಿ ಮರದಲ್ಲಿ ಅದು ಅಂಚಿನಲ್ಲಿ ಕೆಳಗೆ ಇಳಿದು ಕೊನೆಮುಖದಲ್ಲಿ ಮುಂದುವರಿಯುತ್ತದೆ, ಅಡಿಯಲ್ಲೂ ಅದೇ ಸಾಲಿನಲ್ಲಿ ಸಿಗುತ್ತದೆ. ಅಂಚಿನಲ್ಲಿ ಬೇರೆ ಪಟ್ಟಿ ಕಂಡರೆ, ಅಥವಾ ಎರಡು ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಎದುರುಬದುರಾಗಿದ್ದರೆ ಅದು ವಿನೀರ್. ವಿನೀರ್ ಇದ್ದಮಾತ್ರಕ್ಕೆ ಮೇಜು ಕೀಳಲ್ಲ. ಜಲ್ಶುಪಿನ್‌ರ ಕೆಲಸದಲ್ಲಿ ಬೇರೆ ಬೇರೆ ಛಾಯೆಯ ಜಕರಂಡಾ ತುಂಡುಗಳನ್ನು ಪಕ್ಕಪಕ್ಕ ಜೋಡಿಸಿದ ಮೇಲ್ಮೈಯೇ ಜೀವ.

ಡ್ರಾಯರಿನ ತಳ, ಬೆನ್ನ ಹಲಗೆ, ಮೇಲ್ಹಲಗೆಯ ಅಡಿ ಇಲ್ಲೆಲ್ಲ ಕಾಗದದ ಚೀಟಿ, ಲೋಹದ ಬಿಲ್ಲೆ, ಸೀಸದಕಡ್ಡಿಯಲ್ಲಿ ಬರೆದ ಅಂಕಿ ಇರಬಹುದು. ತೊಳೆಯುವ ಮೊದಲು ಫೋಟೊ ತೆಗೆಯಿರಿ, ಆ ಜಾಗಕ್ಕೆ ಯಾವ ದ್ರಾವಣವೂ ತಾಗದಿರಲಿ. ಚೀಟಿ ಇದ್ದಮಾತ್ರಕ್ಕೆ ನಂಬುವುದೂ ಬೇಡ. ಚೀಟಿ ಅಂಟಿಸುವುದು ಸುಲಭ. ಮೇಜಿನ ಸವೆತ ಎಲ್ಲೆಲ್ಲಿ ಕೈ ತಾಗುತ್ತದೋ ಅಲ್ಲಿರಬೇಕು: ಡ್ರಾಯರಿನ ಹಿಡಿಯ ಅಡಿ, ಮುಂದಿನ ಅಂಚಿನ ನಡುಭಾಗ, ಕಾಲು ಇಟ್ಟು ಕೂರುವ ಅಡ್ಡಪಟ್ಟಿ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅನುಮಾನ ಪಡಿ.

ಕೊಳ್ಳುವ ಮೊದಲು ಕಾಗದ ಕೇಳಲೇಬೇಕು. ಡಾಲ್ಬರ್ಜಿಯಾ ನೈಗ್ರಾ 1992ರಿಂದ ಸೈಟ್ಸ್, ಅಂದರೆ ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಒಂದನೇ ಅನುಬಂಧದಲ್ಲಿದೆ. ಹಳೆಯ ಪೀಠೋಪಕರಣವೂ ಗಡಿ ದಾಟಬೇಕಾದರೆ ಅದು ಒಪ್ಪಂದಕ್ಕೆ ಹಿಂದಿನದು ಎಂಬ ಪ್ರಮಾಣಪತ್ರ ರಫ್ತು ಮಾಡುವ ದೇಶದಿಂದ ಬೇಕು. ಭಾರತದಲ್ಲಿ ಸೈಟ್ಸ್ ಪಟ್ಟಿಯನ್ನು ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಸೇರಿಸಿದೆ. ವಿದೇಶದಲ್ಲಿದ್ದು ಊರಿಗೆ ಸಾಮಾನು ತರುವಾಗ ಮೇಜನ್ನೂ ಕಂಟೇನರಿಗೆ ಹಾಕುವವರು ಇದನ್ನು ಮೊದಲೇ ಮುಗಿಸಿಕೊಳ್ಳಬೇಕು, ಬಂದರಿಗೆ ಬಂದಮೇಲೆ ಕಾಗದ ಹುಟ್ಟಿಸಲಾಗದು.

ಹುಳ ಇದೆಯೇ

ಜಕರಂಡಾದ ಕಾಳುಮರವನ್ನು, ಅಂದರೆ ಒಳಗಿನ ಕಪ್ಪು ತಿರುಳನ್ನು ಹುಳ ಅಷ್ಟಾಗಿ ಮುಟ್ಟುವುದಿಲ್ಲ. ತಿನ್ನುವುದು ಅಂಚಿನ ಬಿಳಿಮರ, ಪ್ಲೈವುಡ್, ಬೆನ್ನ ಹಲಗೆ. ಹೊರಗೆ ನೋಡಿದರೆ ಮೇಜು ಬಂಡೆಯಂತಿರುತ್ತದೆ, ಒಳಗೆ ಡ್ರಾಯರಿನ ತಳ ಹಪ್ಪಳದಂತಾಗಿರುತ್ತದೆ.

ಬ್ರೆಜಿಲ್‌ನಿಂದ ಬಂದ ಮರದಲ್ಲಿ ಎರಡು ಹುಳ ನೋಡಬೇಕು. ಒಂದು ಒಣಮರದ ಗೆದ್ದಲು. ನಮ್ಮ ಗೋಡೆಯ ಗೆದ್ದಲಿನಂತೆ ಇದಕ್ಕೆ ಮಣ್ಣಿನ ನಂಟು ಬೇಡ, ಮರದೊಳಗೇ ಸಂಸಾರ. ಅದು ತಳ್ಳಿದ ಹಿಕ್ಕೆ ಗಸಗಸೆಯಂತೆ ಕಾಳುಕಾಳಾಗಿ ಕೆಳಗೆ ಗುಪ್ಪೆ ಬೀಳುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಾಳಿಗೂ ಆರು ಮುಖ, ಪ್ರತಿ ಮುಖವೂ ಒಳಕ್ಕೆ ತಗ್ಗಿದ್ದು. ಇನ್ನೊಂದು ಕುಟ್ಟೆ ಹುಳ. ಅದರ ಪುಡಿ ಕಾಳಾಗಿರುವುದಿಲ್ಲ, ಮೈದಾ ಹಿಟ್ಟಿನಷ್ಟು ನಯ. ತೂತು 1–2 ಮಿ.ಮೀ., ದುಂಡಗೆ.

ತೂತು ಇದ್ದಮಾತ್ರಕ್ಕೆ ಹುಳ ಇದೆ ಎಂದಲ್ಲ, ಐವತ್ತು ವರ್ಷದ ಹಿಂದೆ ತಿಂದು ಹೋಗಿರಬಹುದು. ಬ್ರಶ್ಶಿನಿಂದ ಪುಡಿಯೆಲ್ಲ ತೆಗೆದು ಮೇಜಿನ ಅಡಿಗೆ ಕಪ್ಪು ಕಾಗದ ಹಾಸಿ, ಮೂರ್ನಾಲ್ಕು ವಾರ ಅಲ್ಲಾಡಿಸದೆ ಬಿಡಿ. ಹೊಸ ಪುಡಿ ಬಿದ್ದರೆ ಮಾತ್ರ ಚಿಕಿತ್ಸೆ. ಡ್ರಾಯರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಕಟ್ಟಿ ವಿನೀರ್ ಏಳುತ್ತದೆ. ಇಡೀ ಮೇಜಿಗೆ ಒಳ್ಳೆಯ ದಾರಿಯೆಂದರೆ ಆಮ್ಲಜನಕ ಹೀರುವ ಪೊಟ್ಟಣಗಳ ಜೊತೆ ಅದನ್ನು ಗಾಳಿ ನುಗ್ಗದ ಹಾಳೆಯಲ್ಲಿ ಮುಚ್ಚಿ, 25 ಡಿಗ್ರಿ ಬಿಸಿಯಲ್ಲಿ ಕನಿಷ್ಠ ನಾಲ್ಕು ವಾರ ಇಡುವುದು. ವಸ್ತುಸಂಗ್ರಹಾಲಯಗಳು ಇದನ್ನೇ ಮಾಡುತ್ತವೆ. ಬೋರೇಟ್ ದ್ರಾವಣ ಪಾಲಿಶು ಇಲ್ಲದ ಬರಿ ಮೈಗೆ ಮಾತ್ರ ಇಳಿಯುತ್ತದೆ, ಬೆನ್ನ ಹಲಗೆಗೆ, ಡ್ರಾಯರ್ ತಳದ ಅಡಿಗೆ ಸರಿ. ಸೀಮೆಎಣ್ಣೆ ಸುರಿಯುವುದು ಹಳೆಯ ರೂಢಿ. ಅದರ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಆಮೇಲೆ ಅಂಟೂ ಹಿಡಿಯುವುದಿಲ್ಲ.

ಕೀಲು ಬಿಗಿಯಾಗಿದೆಯೇ

ಮೇಜಿನ ಒಂದು ಮೂಲೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಎಲ್ಲಿ ಗೆರೆ ಬಾಯಿ ಬಿಡುತ್ತದೆ ನೋಡಿ. ತೆಳ್ಳನೆಯ ಕಾಲು ಈ ಶೈಲಿಯ ಹೆಮ್ಮೆ, ಅದರ ದೌರ್ಬಲ್ಯವೂ ಅದೇ. ಕಾಲು ಅಡ್ಡಪಟ್ಟಿಗೆ ಸೇರುವ ಕೀಲಿನ ನಾಲಿಗೆ ಚಿಕ್ಕದು. ತುಂಬಿದ ಡ್ರಾಯರುಗಳ ಸಮೇತ ಮೇಜನ್ನು ಎಳೆದಾಗ ಮೊದಲು ಸಡಿಲವಾಗುವುದು ಅದು.

ಸಡಿಲ ಕೀಲಿಗೆ ಹೊರಗಿನಿಂದ ಅಂಟು ಸುರಿದರೆ ಪ್ರಯೋಜನವಿಲ್ಲ, ಹಳೆಯ ಅಂಟಿನ ಮೇಲೆ ಹೊಸದು ಕೂರುವುದಿಲ್ಲ. ಮೊಳೆಯಾಗಲಿ ಎಲ್ ಪಟ್ಟಿಯಾಗಲಿ ಇನ್ನೂ ಕೆಟ್ಟದ್ದು. ಹವೆಗೆ ಮರ ಹಿಗ್ಗಿ ಕುಗ್ಗುವಾಗ ಅದು ಕಾಲನ್ನೇ ಸೀಳುತ್ತದೆ. ಬಿಚ್ಚಬೇಕು. ಮೊದಲು ಹಳೆಯ ಅಂಟು ಯಾವುದು ನೋಡಿ. ಬಿಸಿ ನೀರಿನ ಹನಿ ಹಾಕಿ ಐದು ನಿಮಿಷ ಬಿಟ್ಟರೆ ಸರೇಸು ಜಿಗುಟಾಗುತ್ತದೆ, ಕಂದು ಬಣ್ಣಕ್ಕಿರುತ್ತದೆ. ಬೆಳ್ಳಗೆ ರಬ್ಬರಿನಂತಾದರೆ ಯಾರೋ ಆಮೇಲೆ ಫೆವಿಕಾಲ್ ಜಾತಿಯ ಅಂಟು ಹಾಕಿದ್ದಾರೆ.

ಸರೇಸು ಬಿಡಿಸಲು ಸ್ಪಿರಿಟ್ ಒಳ್ಳೆಯದು. ಸಿರಿಂಜಿನಲ್ಲಿ ಒಂದೆರಡು ಮಿ.ಲೀ. ಕೀಲಿನ ಗೆರೆಗೆ ಇಳಿಸಿ. ಅದು ಅಂಟಿನ ನೀರಿನಂಶ ಎಳೆದುಕೊಂಡು ಅಂಟನ್ನು ಗಾಜಿನಂತೆ ಬಿರುಸು ಮಾಡುತ್ತದೆ. ಹತ್ತು ನಿಮಿಷ ಬಿಟ್ಟು, ಮರದ ತುಂಡು ಒತ್ತಿಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ‘ಟಿಕ್’ ಎಂದು ಬಿಡುತ್ತದೆ. ಸ್ಪಿರಿಟ್ ಹರಿದರೆ ಸುತ್ತಲ ಶೆಲ್ಲ್ಯಾಕ್, ಅಂದರೆ ಅರಗಿನ ಪಾಲಿಶೂ ಕರಗುತ್ತದೆ, ಆದ್ದರಿಂದ ಬಟ್ಟೆ ಕೈಯಲ್ಲೇ ಇರಲಿ. ಬಿಚ್ಚಿದ ಪ್ರತಿ ತುಂಡಿಗೂ ಕಾಗದದ ಟೇಪಿನ ಮೇಲೆ ನಂಬರು ಬರೆಯಿರಿ. ನಾಲ್ಕೂ ಕಾಲು ಒಂದೇ ಥರ ಕಾಣುತ್ತವೆ, ಆದರೆ ಕೈಯಲ್ಲಿ ಕಡಿದ ಕೀಲು ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಮತ್ತೆ ಅಂಟಿಸುವಾಗ ಜಕರಂಡಾ ತೊಂದರೆ ಕೊಡುವುದು ತನ್ನ ಎಣ್ಣೆಯಿಂದ. ಕೀಲನ್ನು ಕೆರೆದು ಹಸನು ಮಾಡಿದ ಮೇಲೆ ಎಣ್ಣೆ ಮತ್ತೆ ಮೇಲಕ್ಕೆ ಒಸರುತ್ತದೆ. ಆದ್ದರಿಂದ ಅಸಿಟೋನಿನಲ್ಲಿ ಒರೆಸಿ, ಅದು ಆರಿದ ಕೂಡಲೇ, ಹದಿನೈದು ನಿಮಿಷದೊಳಗೆ ಅಂಟು ಹಚ್ಚಬೇಕು. ಸರೇಸು ಕಾಳು 100 ಗ್ರಾಮಿಗೆ ತಣ್ಣೀರು 180 ಗ್ರಾಂ ಹಾಕಿ ಮೂರ್ನಾಲ್ಕು ಗಂಟೆ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿಗೆ ಬಿಸಿ ಮಾಡಿ. ಕುದಿಸಿದರೆ ಶಕ್ತಿ ಹೋಗುತ್ತದೆ. ಬ್ರಶ್ಶಿನಿಂದ ಎತ್ತಿದಾಗ ತೆಳು ಜೇನಿನಂತೆ ಎಡೆಬಿಡದ ಎಳೆಯಾಗಿ ಬೀಳಬೇಕು. ಹನಿಹನಿಯಾಗಿ ಬಿದ್ದರೆ ನೀರು ಹೆಚ್ಚಾಗಿದೆ. ಹಚ್ಚಿದ ಒಂದು ನಿಮಿಷದೊಳಗೆ ಜೋಡಿಸಬೇಕು, ಆದ್ದರಿಂದ ಕ್ಲ್ಯಾಂಪುಗಳನ್ನು ಮೊದಲೇ ಅಂಟು ಹಚ್ಚದ ಕೀಲಿಗೆ ಹಾಕಿ ಅಳತೆ ನೋಡಿಟ್ಟಿರಿ. 24 ಗಂಟೆ ಮುಟ್ಟಬೇಡಿ. ಎಪಾಕ್ಸಿ ಗಟ್ಟಿ ಹಿಡಿಯುತ್ತದೆ ನಿಜ, ಆದರೆ ಇನ್ನು ಮೂವತ್ತು ವರ್ಷಕ್ಕೆ ಆ ಕೀಲು ಬಿಚ್ಚುವವರು ಕಾಲನ್ನೇ ಕೊಯ್ಯಬೇಕಾಗುತ್ತದೆ.

ಎರಡು ಎಚ್ಚರಿಕೆ. ಹಳೆಯ ತಿರುಪಿನ ಒಂದೇ ಗೀರಿನ ತಲೆಗೆ ಪೂರ್ತಿ ಅಗಲದ ಸ್ಕ್ರೂಡ್ರೈವರ್ ಕೂರದೆ ತಿರುಗಿಸಬೇಡಿ. ಬಿಡದಿದ್ದರೆ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಇಟ್ಟು, ತಣ್ಣಗಾದ ಮೇಲೆ ತಿರುಗಿಸಿ. ಇನ್ನೊಂದು, ಈ ಮರಗಳ ಪುಡಿ ಚರ್ಮಕ್ಕೆ, ಉಸಿರಿಗೆ ಒಗ್ಗುವುದಿಲ್ಲ. ಡಾಲ್ಬರ್ಜಿಯಾದ ಪುಡಿಯಿಂದ ತುರಿಕೆಯ ಗಂದೆ ಏಳುತ್ತದೆ, ಕವಿಉನಾದ್ದು ಇನ್ನೂ ಜೋರು. ಒಮ್ಮೆ ಒಗ್ಗದೆ ಹೋದ ದೇಹ ಮುಂದಿನ ಸಲ ಇನ್ನೂ ಬೇಗ ಕೆರಳುತ್ತದೆ. ಮಾಸ್ಕ್, ತುಂಬುತೋಳಿನ ಅಂಗಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಬಿಡಬೇಡಿ.

ಡ್ರಾಯರು

ಡ್ರಾಯರ್ ಎಳೆದಾಗ ಕೆಳಗಿನ ಪಟ್ಟಿಗೆ ಗೀಚಿಕೊಂಡು ಬಂದರೆ ಎಲ್ಲರೂ ಮುಖದ ಹಲಗೆಯನ್ನು ಕೆರೆಯುತ್ತಾರೆ. ತಪ್ಪು ಅಲ್ಲಿಲ್ಲ. ಮೆತ್ತನೆಯ ಸೆದ್ರೊದ ಪಕ್ಕದ ಹಲಗೆಗಳು ಕೆಳ ಅಂಚಿನಲ್ಲಿ ಸವೆದು ಡ್ರಾಯರು ಕುಸಿದಿರುತ್ತದೆ, ಆದ್ದರಿಂದ ಮುಖ ತಾಗುತ್ತದೆ. ಡ್ರಾಯರನ್ನು ಬೋರಲು ಹಾಕಿ ನೇರವಾದ ಅಡಿಕೋಲನ್ನು ಆ ಅಂಚಿನ ಮೇಲಿಟ್ಟು ನೋಡಿ. ಹಿಂಭಾಗಕ್ಕೆ ಹೋಗುತ್ತ ಬೆಳಕು ಕಾಣುತ್ತದೆ. ಸವೆದ ಭಾಗವನ್ನು ಮಟ್ಟ ಮಾಡಿ, 3–4 ಮಿ.ಮೀ. ದಪ್ಪದ ಗಟ್ಟಿ ಮರದ ಪಟ್ಟಿ ಅಂಟಿಸಿ, ಮೂಲ ಎತ್ತರಕ್ಕೆ ಕೆತ್ತಿ ತನ್ನಿ. ಒಳಗಿನ ಓಡುಪಟ್ಟಿಯೂ ಕೊರೆದಿದ್ದರೆ ಅದನ್ನು ತೆಗೆದು ತಿರುಗಿಸಿ ಹಾಕಬಹುದು. ಆಮೇಲೆ ಬಿಳಿ ಮೇಣದಬತ್ತಿ ಉಜ್ಜಿದರೆ ಸಾಕು. ಎಣ್ಣೆ ಬೇಡ, ಧೂಳು ಕೂತು ಅಂಟಾಗುತ್ತದೆ.

ಬೀಗದ ಹಿತ್ತಾಳೆಯನ್ನು ಮರದ ಮೇಲಿದ್ದಂತೆಯೇ ಬ್ರಾಸೊ ಹಾಕಿ ಉಜ್ಜಬಾರದು. ಬಿಳಿ ಪುಡಿ ಜಕರಂಡಾದ ರಂಧ್ರದಲ್ಲಿ ಕೂತರೆ ಹೊರಬರುವುದಿಲ್ಲ.

ಪಾಲಿಶು ಯಾವುದು

ಈಗ ಮೇಲ್ಹಲಗೆಗೆ ಬಂದೆವು, ಆದರೂ ಮೊದಲ ಪರೀಕ್ಷೆ ಅದರ ಅಡಿಯಲ್ಲೇ. ಕಿವಿಗೆ ಹಾಕುವ ಹತ್ತಿಕಡ್ಡಿ ಸಾಕು. ಮೊದಲು ಟರ್ಪೆಂಟೈನ್. ಕಡ್ಡಿ ಹಳದಿಯಾಗಿ ಜಿಡ್ಡಾದರೆ ಅದು ಮೇಣ, ಒರೆಸಿ ತೆಗೆಯಿರಿ. ಆಮೇಲೆ ಸ್ಪಿರಿಟ್. ಅರ್ಧ ನಿಮಿಷದಲ್ಲಿ ಮೈ ಅಂಟಂಟಾದರೆ ಶೆಲ್ಲ್ಯಾಕ್. ಅದಕ್ಕೂ ಜಗ್ಗದೆ ಥಿನ್ನರಿಗೆ ಕರಗಿದರೆ ನೈಟ್ರೊಸೆಲ್ಯುಲೋಸ್. ಯಾವುದಕ್ಕೂ ಜಗ್ಗದಿದ್ದರೆ ಪಾಲಿಯುರೆಥೇನ್ ಇಲ್ಲವೇ ಪಾಲಿಯೆಸ್ಟರ್, ಅದು ಹೆಚ್ಚಾಗಿ ಆಮೇಲೆ ಯಾರೋ ಬಳಿದದ್ದು.

ಇಲ್ಲೊಂದು ಮೋಸವಿದೆ. ಸ್ಪಿರಿಟ್ ಹಾಕಿದಾಗ ಹತ್ತಿ ನೇರಳೆ ಬೆರೆತ ಕಂದಾದರೆ ‘ಯಾರೋ ಬಣ್ಣ ಹಚ್ಚಿದ್ದಾರೆ’ ಎಂದುಕೊಳ್ಳುತ್ತಾರೆ. ಅದು ಜಕರಂಡಾದ ಸ್ವಂತ ಬಣ್ಣ, ಸ್ಪಿರಿಟ್‌ನಲ್ಲಿ ಕರಗಿ ಬರುತ್ತದೆ. ಪಕ್ಕದಲ್ಲಿ ಪಾವು ಮಾರ್ಫಿಂನಂಥ ದಂತವರ್ಣದ ಮರದ ಪಟ್ಟಿ ಕೂರಿಸಿದ್ದರೆ ಈ ಬಣ್ಣ ಹರಿದು ಅದನ್ನು ಕೊಳಕು ಮಾಡುತ್ತದೆ. ಅಂಥ ಮೇಜಿಗೆ ಹೊಸ ಪಾಲಿಶು ಹಾಕುವಾಗ ತಿಳಿ ಪಟ್ಟಿಗೆ ಮೊದಲು ಸಣ್ಣ ಬ್ರಶ್ಶಿನಲ್ಲಿ ಎರಡು ಪದರ ಶೆಲ್ಲ್ಯಾಕ್ ಬಳಿದು ಒಣಗಿಸಿ, ಆಮೇಲೆ ಉಳಿದ ಕಡೆ ಹೋಗಬೇಕು. ಪಾಲಿಶು ಎಳೆಯುವ ದಿಕ್ಕು ತಿಳಿ ಮರದಿಂದ ಕಪ್ಪು ಮರದ ಕಡೆಗಿರಲಿ.

ಮೇಲ್ಮೈ ಕೊಳೆಯಾಗಿದೆ ಅಷ್ಟೆ ಎಂದರೆ ತೊಳೆಯುವುದೇ ಕೆಲಸ. ಒಂದು ಲೀಟರ್ ನೀರಿಗೆ ಮೂರ್ನಾಲ್ಕು ಹನಿ ಸೌಮ್ಯ ಸೋಪು, ಚೆನ್ನಾಗಿ ಹಿಂಡಿದ ಬಟ್ಟೆ, ಒಂದು ಅಡಿ ಚೌಕದಷ್ಟು ಒರೆಸಿ ಕೂಡಲೇ ಒಣಬಟ್ಟೆ. ಆಮೇಲೆ ಟರ್ಪೆಂಟೈನ್‌ನಲ್ಲಿ ಹಳೆಯ ಮೇಣ ತೆಗೆಯುವುದು. ಹತ್ತರಲ್ಲಿ ಆರೇಳು ಮೇಜುಗಳಿಗೆ ಇಷ್ಟೇ ಸಾಕಾಗುತ್ತದೆ, ಕೆಳಗಿನ ಪಾಲಿಶು ಇನ್ನೂ ಗಟ್ಟಿಯಾಗಿರುತ್ತದೆ. ಅಗಸೆ ಎಣ್ಣೆ, ತೆಂಗಿನೆಣ್ಣೆ ಸವರಬೇಡಿ. ಮೊದಲ ವಾರ ಮಿರಿಮಿರಿ ಮಿಂಚುತ್ತದೆ, ವರ್ಷದೊಳಗೆ ಧೂಳು ಹಿಡಿದು ಕಪ್ಪು ಪೊರೆಯಾಗುತ್ತದೆ.

ಎದ್ದ ವಿನೀರ್, ಹೋದ ವಿನೀರ್

ಬೆರಳುಗುರಿನಿಂದ ಇಡೀ ಹಲಗೆಯನ್ನು ತಟ್ಟುತ್ತ ಹೋಗಿ. ಪೊಳ್ಳು ಸದ್ದು ಬಂದಲ್ಲಿ ಕಾಗದದ ಟೇಪಿನ ಗುರುತು ಹಾಕಿ. ಕೆಳಗೆ ಸರೇಸು ಇದ್ದರೆ ಒದ್ದೆ ಬಟ್ಟೆ, ಅದರ ಮೇಲೆ ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆ ಹತ್ತು ಸೆಕೆಂಡ್, ಆಮೇಲೆ ಮೇಣದ ಕಾಗದ, ದಪ್ಪ ಹಲಗೆ, ಭಾರ. ಎಷ್ಟೋ ಸಲ ಹಳೆಯ ಅಂಟೇ ಕರಗಿ ಮತ್ತೆ ಹಿಡಿಯುತ್ತದೆ. ಇದರಿಂದ ಅಲ್ಲಿ ಪಾಲಿಶು ಬೆಳ್ಳಗಾಗಬಹುದು, ಅದನ್ನು ಆಮೇಲೆ ಸರಿಪಡಿಸಬಹುದು. ಹಿಡಿಯದಿದ್ದರೆ ಹೊಸ ಬ್ಲೇಡಿನಿಂದ ಉಬ್ಬಿನ ಮೇಲೆ ಎಳೆಯ ಗುಂಟ ಸೀಳಿ, ಸಾಧ್ಯವಾದರೆ ಕಪ್ಪು ಗೆರೆಯ ಮೇಲೆಯೇ ಸೀಳಿ. ಸಿರಿಂಜಿನಲ್ಲಿ ಅಂಟು ಇಳಿಸಿ ಒತ್ತಿ 24 ಗಂಟೆ ಬಿಡಿ.

ತುಂಡು ಬಿದ್ದುಹೋದ ಕಡೆ ತೇಪೆಯ ಆಕಾರವೇ ಎಲ್ಲ. ಚೌಕ ತೇಪೆ ಹಾಕಿದರೆ ಎಳೆಗೆ ಅಡ್ಡ ಬಿದ್ದ ಗೆರೆ ಕೋಣೆಯ ಆ ತುದಿಯಿಂದಲೂ ಕಾಣುತ್ತದೆ. ಬಾದಾಮಿಯಂತೆ ಎರಡೂ ತುದಿ ಚೂಪಾಗಿ, ಎಳೆಯ ಉದ್ದಕ್ಕೆ ಕತ್ತರಿಸಿ. ಮೊದಲು ತೇಪೆ ಕತ್ತರಿಸಿ, ಅದನ್ನೇ ಹಲಗೆಯ ಮೇಲಿಟ್ಟು ಸುತ್ತ ಬ್ಲೇಡು ಎಳೆದು ಗುಂಡಿ ಮಾಡಬೇಕು, ತಿರುವುಮುರುವಾಗಬಾರದು. ವಿನೀರಿಗೆ ಹಳೆಯ ಜಕರಂಡಾ ಚೂರು ಸಿಕ್ಕರೆ ಸರಿ. ಮೇಲ್ಹಲಗೆಯ ಅಡಿಯಲ್ಲಿ ಕಾಣದ ಕಡೆ ಅದೇ ವಿನೀರ್ ಹಾಕಿದ್ದರೆ ಅಲ್ಲಿಂದ ಬಿಡಿಸಿ ತರಬಹುದು. ಇಲ್ಲದಿದ್ದರೆ ಬೀಟೆಯ ವಿನೀರ್ ಅತಿ ಹತ್ತಿರದ್ದು. ಅದರ ನೇರಳೆ ಛಾಯೆಯನ್ನು ಕಿತ್ತಳೆ ಬಣ್ಣದ ಶೆಲ್ಲ್ಯಾಕ್ ಒಂದೆರಡು ಪದರದಲ್ಲಿ ಬೆಚ್ಚಗಿನ ಕಂದಿಗೆ ತರುತ್ತದೆ. ಕರ್ನಾಟಕದಲ್ಲಿರುವವರು ಈ ಕೆಲಸಕ್ಕೆ ಸಾಮಾನ್ಯ ಬಡಗಿಗಿಂತ ಮೈಸೂರಿನ ಬೀಟೆ ಇನ್‌ಲೇ ಕುಶಲಕರ್ಮಿಗಳನ್ನು ಹುಡುಕುವುದು ಲೇಸು. ಎಳೆಗೆ ಎಳೆ ಕೂಡಿಸಿ ಕತ್ತರಿಸುವುದು ಅವರ ದಿನನಿತ್ಯದ ಕೆಲಸ.

ಕಲೆ ಮತ್ತು ಹೊಳಪು

ಬಿಳಿ ಉಂಗುರ ಪಾಲಿಶಿನೊಳಗಿನ ತೇವ. ಶೆಲ್ಲ್ಯಾಕ್ ಆಗಿದ್ದರೆ ಸ್ಪಿರಿಟ್‌ನಲ್ಲಿ ತೇವ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯುಂಡೆಯನ್ನು ವಿಮಾನ ನೆಲ ಮುಟ್ಟಿ ಏಳುವಂತೆ ಒಮ್ಮೆ ಸವರಿ ಎತ್ತಿ. ನಿಂತರೆ ಪಾಲಿಶು ಕಿತ್ತುಬರುತ್ತದೆ. ಕಪ್ಪು ಉಂಗುರ ಬೇರೆ, ಕಬ್ಬಿಣ ಮತ್ತು ಮರದ ಒಗರು ಸೇರಿ ಮರದೊಳಗೇ ಆದ ಕಲೆ. ಅಲ್ಲಿಯ ಪಾಲಿಶು ತೆಗೆದು, ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಸಣ್ಣ ಬ್ರಶ್ಶಿನಲ್ಲಿ ಕಲೆಯ ಮೇಲಷ್ಟೇ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಅದು ವಿಷ. ಕೈಗವಸು ಬೇಕು, ಒಣಗಿದ ಪುಡಿಯನ್ನು ಉಜ್ಜಿ ಹಾರಿಸಬಾರದು. ಅರ್ಧಕ್ಕರ್ಧ ಹೋದರೂ ಅಲ್ಲಿಗೆ ನಿಲ್ಲಿಸಿ.

ಹೊಸ ಪಾಲಿಶು ಬೇಕೇಬೇಕಾದರೆ ಶೆಲ್ಲ್ಯಾಕ್ ಒಳ್ಳೆಯದು. ಬ್ರೆಜಿಲ್‌ನವರು ಇದನ್ನು ‘ಗೋಮಾ ಲಾಕಾ’ ಅನ್ನುತ್ತಾರೆ. ಆ ಲಾಕಾ ನಮ್ಮ ಲಾಕ್ಷ, ಅಂದರೆ ಅರಗೇ. ಜಾರ್ಖಂಡಿನ ಕಾಡುಗಳಲ್ಲಿ ಅರಗಿನ ಹುಳ ಮಾಡುವ ರಾಳ. ಉಜ್ಜುವ ಬಟ್ಟೆಯುಂಡೆಗೆ ಅವರು ಇಟ್ಟ ಹೆಸರು ‘ಬೊನೆಕಾ’, ಎಂದರೆ ಗೊಂಬೆ. ಒಳಗೆ ಉಣ್ಣೆ, ಹೊರಗೆ ಹಲವು ಸಲ ಒಗೆದ ನೂಲುಬಟ್ಟೆ, ಮೇಲೆ ಜುಟ್ಟಿನಂತೆ ತಿರುಚಿದ ಹಿಡಿ.

ಒಂದು ಲೀಟರ್ ಸ್ಪಿರಿಟ್‌ಗೆ 120ರಿಂದ 150 ಗ್ರಾಂ ಚಪಡಾ, ಅಂದರೆ ಶೆಲ್ಲ್ಯಾಕಿನ ತೆಳು ಚಕ್ಕೆ ಹಾಕಿ ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ. ಬಾಟಲಿಯ ಮೇಲೆ ತಾರೀಕು ಬರೆಯಿರಿ. ಆರು ತಿಂಗಳು ದಾಟಿದ ದ್ರಾವಣ ಎಷ್ಟು ದಿನವಾದರೂ ಗಟ್ಟಿಯಾಗದೆ ಬೆರಳಚ್ಚು ಹಿಡಿಯುತ್ತದೆ. ಗೊಂಬೆಯನ್ನು ಬೆರಳಿಗೆ ಒತ್ತಿದರೆ ತೇವ ಕಾಣಬೇಕು, ಹನಿ ಬೀಳಬಾರದು. ಮೊದಲು ಎಳೆಯ ಗುಂಟ, ಆಮೇಲೆ ಎಂಟರ ಆಕಾರ, ಅಂಟುತ್ತಿದೆ ಅನ್ನಿಸಿದಾಗ ಒಂದು ಹನಿ ಎಣ್ಣೆ. ಎಂಟ್ಹತ್ತು ಸುತ್ತಾದ ಮೇಲೆ ಒಂದು ದಿನ ಬಿಡಿ. ಮೂರ್ನಾಲ್ಕು ದಿನ ಇದೇ. ಮಳೆಗಾಲದ ಥಂಡಿ ದಿನ ಮಾಡಿದರೆ ಬೆಳ್ಳಗೆ ಮಂಜು ಕವಿಯುತ್ತದೆ, ಆ ದಿನ ಬಿಟ್ಟುಬಿಡುವುದೇ ಸರಿ.

ಗಾಜಿನಂತೆ ಹೊಳೆಯಬೇಕೇ? ಕಾಣದ ಅಂಚಿನಲ್ಲಿ ಉಳಿದ ಹಳೆಯ ಪಾಲಿಶು ನೋಡಿ. ರಂಧ್ರಗಳು ತೆರೆದಿದ್ದು ಮಂದ ಹೊಳಪಿದ್ದರೆ ಅಷ್ಟಕ್ಕೇ ನಿಲ್ಲಿಸಿ. ಎರಡು ತೆಳು ಪದರ, ಆಮೇಲೆ 0000 ನಂಬರಿನ ಸ್ಟೀಲ್ ವುಲ್ಲಿಗೆ ಮೇಣ ಹಚ್ಚಿ ಎಳೆಯ ಗುಂಟ ಒಂದೇ ಸಮ. ಜಕರಂಡಾದ ದೊಡ್ಡ ರಂಧ್ರಗಳನ್ನು ತುಂಬಿ ಕನ್ನಡಿ ಮಾಡಿದ ಮೇಜು ಹೋಟೆಲಿನ ಕೌಂಟರಿನಂತೆ ಕಾಣುತ್ತದೆ, ಮರದ ಮೈ ಸತ್ತುಹೋಗುತ್ತದೆ.

ಮೇಣವನ್ನು ಮನೆಯಲ್ಲೇ ಮಾಡಬಹುದು: ಜೇನುಮೇಣ 80 ಗ್ರಾಂ, ಕಾರ್ನೂಬಾ 20 ಗ್ರಾಂ, ಟರ್ಪೆಂಟೈನ್ 300 ಮಿ.ಲೀ. ಕಾರ್ನೂಬಾ ಈಶಾನ್ಯ ಬ್ರೆಜಿಲ್‌ನ ತಾಳೆಜಾತಿಯ ಮರದ ಎಲೆಯ ಮೇಣ. 82 ಡಿಗ್ರಿ ದಾಟದೆ ಕರಗುವುದಿಲ್ಲ, ಜೇನುಮೇಣ 63ರ ಆಸುಪಾಸಿನಲ್ಲೇ ಕರಗುತ್ತದೆ. ಆದ್ದರಿಂದ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾರ್ನೂಬಾ ಮೊದಲು, ಜೇನುಮೇಣ ಆಮೇಲೆ. ಒಲೆ ಆರಿಸಿ, ಬೆಂಕಿಯಿಂದ ದೂರ ಒಯ್ದು ಟರ್ಪೆಂಟೈನ್ ಬೆರೆಸಿ. ಕಾರ್ನೂಬಾ ಹೆಚ್ಚಾದರೆ ಮೇಣ ಬಿರುಸಾಗಿ ಬಿಳಿ ಗೆರೆ ಬಿಡುತ್ತದೆ. ವರ್ಷಕ್ಕೊಮ್ಮೆ, ಕಡಲೆಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ಹಚ್ಚಿದರೆ ಸಾಕು.

ಇಡುವ ಜಾಗ

ರಿಯೊದ ಕಡಲ ಹವೆಯಲ್ಲಿ ಬೆಳೆದ ಮೇಜನ್ನು ಟೊರೊಂಟೊದ ಹೀಟರ್ ಕೋಣೆಗೆ ತಂದರೆ ಮರದ ತೇವ ನೂರಕ್ಕೆ 12ರಿಂದ 6ಕ್ಕೆ ಇಳಿಯಬಹುದು. 60 ಸೆಂ.ಮೀ. ಅಗಲದ ಗಟ್ಟಿ ಮೇಲ್ಹಲಗೆ ಆಗ 5 ಮಿ.ಮೀ.ವರೆಗೆ ಕುಗ್ಗುತ್ತದೆ. ಹಲಗೆಯನ್ನು ಚೌಕಟ್ಟಿಗೆ ಹಿಡಿದ ತಿರುಪುಗಳ ತೂತು ಉದ್ದನೆಯದಾಗಿದೆಯೇ ನೋಡಿ. ಯಾರಾದರೂ ದುಂಡು ತೂತಿನಲ್ಲಿ ಬಿಗಿದಿದ್ದರೆ ತೂತನ್ನು ಮರದ ಅಗಲಕ್ಕೆ ಉದ್ದ ಮಾಡಿ ಸಡಿಲ ಬಿಡಿ. ಇಲ್ಲದಿದ್ದರೆ ಮೊದಲ ಚಳಿಗಾಲಕ್ಕೇ ಬಿರುಕು. ಬೆಂಗಳೂರಿನ ಎಸಿ ಕೋಣೆಗೂ ಇದೇ ಮಾತು, ಗಾಳಿ ನೇರ ಮೇಜಿಗೆ ಬೀಳದಿರಲಿ. ಕಿಟಕಿಯ ಬಿಸಿಲು ಬೀಳುವ ಕಡೆಗಿಂತ ಅಡ್ಡಗೋಡೆಗೆ ಇಡಿ.

ಮೇಲೆ ಪಿವಿಸಿ ಹಾಸಾಗಲಿ, ಕಂಪ್ಯೂಟರಿನ ರಬ್ಬರ್ ಕಾಲಾಗಲಿ ನೇರ ತಾಗುವಂತೆ ಇಡಬಾರದು. ಅದರೊಳಗಿನ ಮೆದುಕಾರಕ ಕೆಲವೇ ತಿಂಗಳಲ್ಲಿ ಶೆಲ್ಲ್ಯಾಕನ್ನೂ ನೈಟ್ರೊಸೆಲ್ಯುಲೋಸನ್ನೂ ಅಂಟಾಗಿಸಿ ತನ್ನ ಅಚ್ಚನ್ನು ಬಿಡುತ್ತದೆ. ಚರ್ಮದ ಹಾಸು ಇಲ್ಲವೇ ಉಣ್ಣೆಯ ಫೆಲ್ಟ್ ಹಾಕಿ, ತಿಂಗಳಿಗೊಮ್ಮೆ ಎತ್ತಿ ಕೆಳಗೆ ಗಾಳಿಯಾಡಿಸಿ.